ದುಂಡು ಮುತ್ತು

ನನ್ನ ಗಂಡ ಎಸ್ಟಿಲ್‌ಗೆ ಸುಳ್ಳು ಹೇಳಲು ಬರುವುದಿಲ್ಲ. ಹೇಳಲು ಹೊರಟರೆ ಕಿವಿ ಕೆಂಪಾಗುತ್ತದೆ, ಟೋಪಿ ತೆಗೆದು ಅದರೊಳಗೆ ಏನೋ ಇಟ್ಟು ಮರೆತವನ ಹಾಗೆ ಇಣುಕಿ ನೋಡುತ್ತಾನೆ. ಮದುವೆಯಾದಾಗಿನಿಂದ ಈ ಆಟ ನೋಡಿ ನೋಡಿ ನನಗೆ ಸಾಕಾಗಿದೆ. ಅಂಥವನು ತನ್ನ ಸ್ವಂತ ಅಕ್ಕನ ಎದುರು, ಅದೂ ಅವಳ ಕೂಸಿನ ಪೆಟ್ಟಿಗೆ ಮಣ್ಣಿಗಿಳಿಯುವ ಹೊತ್ತಿನಲ್ಲಿ, ಟೋಪಿ ಮುಟ್ಟದೆಯೇ ಒಂದು ಸುಳ್ಳು ಹೇಳಿದ. ಪಕ್ಕದಲ್ಲಿ ನಿಂತಿದ್ದ ನಾನು ಅವನ ಕಿವಿ ನೋಡಿದೆ, ಕೆಂಪಾಗಿರಲಿಲ್ಲ.

ಮೊದಲಿಂದ ಹೇಳುತ್ತೇನೆ. ನಾವು ಕ್ಲಿಂಚ್ ಎಂಬ ಹೊಳೆಯ ಕಣಿವೆಯವರು. ಬೇಸಿಗೆಯಲ್ಲಿ ನೀರು ಇಳಿದರೆ ಗಂಡಸು ಹೆಂಗಸು ಎನ್ನದೆ ಎಲ್ಲರೂ ಹೊಳೆಯಲ್ಲೇ ಇರುತ್ತಿದ್ದೆವು. ಬರಿಗಾಲಲ್ಲಿ ಮರಳು ಕೆದಕುತ್ತಾ ಹೋಗುವುದು, ಕಾಲ್ಬೆರಳಿಗೆ ಕಪ್ಪೆಚಿಪ್ಪಿನ ಅಂಚು ತಾಗಿದರೆ ಮುಳುಗಿ ಎತ್ತುವುದು. ದಂಡೆಯ ಮೇಲೆ ಬೇಯಿಸಿ ಬಾಯಿ ಬಿಡಿಸಿದರೆ ಮಾಂಸ ಹಂದಿಗಳಿಗೆ, ಚಿಪ್ಪು ಅಂಗಿಗುಂಡಿ ಮಾಡುವವರಿಗೆ. ಅಪರೂಪಕ್ಕೆ ಒಳಗೊಂದು ಮುತ್ತು ಸಿಕ್ಕರೆ ಅವತ್ತು ಆ ಮನೆಯಲ್ಲಿ ಕೋಳಿ ಕೊಯ್ಯುತ್ತಿದ್ದರು. ಎಸ್ಟಿಲ್‌ನ ಕಾಲ್ಬೆರಳಲ್ಲಿ ಕಣ್ಣಿವೆ ಎಂದು ಊರವರು ಹೊಗಳುತ್ತಿದ್ದರು. ಅದರಲ್ಲಿ ಒಂದಾದರೂ ತಲೆಯಲ್ಲಿದ್ದಿದ್ದರೆ ನನ್ನ ಪಾಡು ಹೀಗಾಗುತ್ತಿರಲಿಲ್ಲ.

ಚಿಪ್ಪಿಗೆ ನಮ್ಮಲ್ಲಿ ಇನ್ನೊಂದು ಕೆಲಸವೂ ಇತ್ತು. ಕಲ್ಲು ಕೆತ್ತಿಸುವ ಶಕ್ತಿ ಇಲ್ಲದವರು ಸಮಾಧಿಯ ಮೇಲೆ ಚಿಪ್ಪು ಜೋಡಿಸುತ್ತಿದ್ದರು, ಹೊಳೆಯುವ ಒಳಮೈ ಮೇಲೆ ಮಾಡಿ. ಮೇ ತಿಂಗಳಲ್ಲೊಂದು ಭಾನುವಾರ ಸಮಾಧಿ ಸಿಂಗರಿಸುವ ದಿನ. ಅದಕ್ಕೆ ಮುಂಚೆ ಹೋಗಿ ಹುಲ್ಲು ಕೆರೆದು, ಮಣ್ಣನ್ನು ಗುಡ್ಡೆ ಮಾಡಿ, ಹಳೆಯ ಚಿಪ್ಪು ತೊಳೆದು ಹೊಸದು ಸೇರಿಸಿ ಇಡಬೇಕು. ಆಮೇಲೆ ಮೇಣದಲ್ಲಿ ಅದ್ದಿದ ಕಾಗದದ ಹೂ, ಹಾಡು, ಪಾದ್ರಿಯ ಉಪದೇಶ, ಮರದ ಕೆಳಗೆ ಊಟ. ವರ್ಷವಿಡೀ ಮುಖ ತಿರುಗಿಸಿಕೊಂಡು ಓಡಾಡುವವರೂ ಅವತ್ತು ಒಂದೇ ಬುಟ್ಟಿಯಿಂದ ಮೆಕ್ಕೆಜೋಳದ ರೊಟ್ಟಿ ತಿನ್ನುತ್ತಾರೆ.

ಎಸ್ಟಿಲ್‌ನ ಅಕ್ಕ ಓರ್ಲೀನಾ ಹೊಳೆಯ ಆಚೆ ದಡದಲ್ಲಿದ್ದಳು. ಗಂಡ ವೈಲಿ ಮರ ಬಿದ್ದು ತೀರಿಕೊಂಡಾಗ ಅವಳು ಬಸುರಿ. ಹುಟ್ಟಿದ ಹೆಣ್ಣುಕೂಸಿಗೆ ಡೆಲ್ಫಿ ಎಂದು ಹೆಸರಿಟ್ಟಳು. ಅದು ಚಳಿಗಾಲ ದಾಟಲಿಲ್ಲ, ನಾಯಿಕೆಮ್ಮು ತೆಗೆದುಕೊಂಡು ಹೋಯಿತು. ಮಣ್ಣು ಮಾಡುವಾಗ ಓರ್ಲೀನಾ ಕೂಸಿನ ಮುಷ್ಟಿಯಲ್ಲಿ ಒಂದು ಮುತ್ತಿಟ್ಟು ಬಟ್ಟೆ ಸುತ್ತಿದ್ದಳು. ಇಟ್ಟಿದ್ದಳು ಎನ್ನುವುದು ನಮಗೆಲ್ಲ ಗೊತ್ತು, ಎಂಥ ಮುತ್ತು ಎಂದು ಯಾರೂ ನೋಡಿರಲಿಲ್ಲ. ಅವಳು ಮತ್ತೆ ಮದುವೆಯಾಗಲಿಲ್ಲ. ಆ ಗೇಣುದ್ದದ ಗುಡ್ಡೆಯೇ ಅವಳ ಸಂಸಾರವೆಲ್ಲ.

ಅಣೆಕಟ್ಟು ಕಟ್ಟುವವರು ಬಂದು, ಕಣಿವೆ ಪೂರ್ತಿ ಮುಳುಗುತ್ತದೆ, ಎಲ್ಲರೂ ಮೇಲಿನ ಬೆಟ್ಟಕ್ಕೆ ಹೋಗಬೇಕು ಎಂದಾಗ ಊರೆಲ್ಲ ಅತ್ತಿತು, ಬೈಯಿತು, ಕೊನೆಗೆ ಗಂಟುಮೂಟೆ ಕಟ್ಟಿತು. ಓರ್ಲೀನಾ ಮಾತ್ರ ಕದಲಲಿಲ್ಲ.

"ನನ್ ಕೂಸು ಮುಂದೆ ಹೋಗ್ಲಿ, ಹಿಂದೆ ನಾನು ಬರ್ತೀನಿ. ಅದನ್ನ ನೀರಲ್ಲಿ ಬಿಟ್ಟು ನಾನು ಬೆಟ್ಟದ ಮೇಲೆ ಬೆಚ್ಚಗೆ ಕೂರೋಳಲ್ಲ," ಎಂದಳು.

ಸಮಾಧಿಗಳನ್ನು ಅಗೆದು ಮೇಲಕ್ಕೆ ಸಾಗಿಸುವ ತಂಡವೂ ಬಂತು. ಅದರ ಮೇಸ್ತ್ರಿ ಪ್ರೌಟ್ ಎಂಬ ಹುಡುಗ, ಬಲು ಮೆದುಮಾತಿನವನು. ಮನೆಯವರು ಬಂದು ಇದು ನಮ್ಮದು ಎಂದು ತೋರಿಸಿದ್ದನ್ನು ಅವರು ಅಗೆಯುತ್ತಿದ್ದರು, ಯಾರೂ ಕೇಳದ್ದನ್ನು ಹಾಗೇ ಬಿಡುತ್ತಿದ್ದರು. ಅಗೆಯುವುದನ್ನು ನೋಡುವ ಧೈರ್ಯ ಓರ್ಲೀನಾಗೆ ಇರಲಿಲ್ಲ. ತಮ್ಮನನ್ನು ಕರೆದು ಹೇಳಿದಳು.

"ನೀನು ನಿಂತ್ಕೊಂಡು ತೆಗ್ಸು. ನೀನಿದ್ರೆ ನಾನಿದ್ದ ಹಾಗೇ. ಮುತ್ತು ಸಿಕ್ಕಿದ್ರೆ ಒಂದ್ಸಲ ನನ್ ಕೈಗೆ ಕೊಡು, ಆಮೇಲೆ ಪೆಟ್ಟಿಗೆಗೆ ಹಾಕ್ತೀನಿ."

ಎಸ್ಟಿಲ್ ತಲೆಯಾಡಿಸಿದ. ಆಗಲೇ ಅವನ ಮುಖ ಸರಿಯಿರಲಿಲ್ಲ. ದುಃಖಕ್ಕೆ ಎಂದುಕೊಂಡೆ.

ಅವತ್ತು ನಾನು ಓರ್ಲೀನಾಳ ಜೊತೆ ಬೆಟ್ಟದ ಮೇಲಿನ ಹೊಸ ಜಾಗದಲ್ಲಿ ಕಾದೆ. ಮರ ಕಡಿದು ಸಮ ಮಾಡಿದ ಕೆಂಪು ಮಣ್ಣಿನ ನೆಲ, ಹುಲ್ಲಿನ ಒಂದು ಎಸಳೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಟ್ರಕ್ಕು ಬಂತು. ಎಸ್ಟಿಲ್ ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡು ಇಳಿದ. ಅಷ್ಟು ಚಿಕ್ಕ ಪೆಟ್ಟಿಗೆಗೆ ಇನ್ನೊಬ್ಬರ ಕೈ ಬೇಕಿರಲಿಲ್ಲ. ಓರ್ಲೀನಾ ಅದರ ಮೇಲೆ ಅಂಗೈ ಇಟ್ಟು ಕೇಳಿದಳು.

"ಮುತ್ತು?"

ಎಸ್ಟಿಲ್ ಜೇಬಿನಿಂದ ತಂಬಾಕಿನ ಚೀಲ ತೆಗೆದ. ಅದರಿಂದ ಒಂದು ಮುತ್ತು ತೆಗೆದು ಅವಳ ಅಂಗೈಗೆ ಹಾಕಿದ.

"ಇದೇ ಅಕ್ಕಾ. ಅಲ್ಲೇ ಇತ್ತು."

ದುಂಡಗೆ, ಬೆಳ್ಳಗೆ, ಬಟಾಣಿ ಕಾಳಿನಷ್ಟು ಮುತ್ತು. ಅದರ ಗುರುತು ನನಗೆ ನನ್ನ ಉಗುರಿನಷ್ಟೇ ಚೆನ್ನಾಗಿತ್ತು. ಹಿಂದಿನ ಆಗಸ್ಟ್‌ನಲ್ಲಿ ಬಂಡೆಸಾಲಿನ ಕೆಳಗೆ ಅವನ ಕಾಲಿಗೆ ತಾಗಿದ ಚಿಪ್ಪಿನಿಂದ ಬಂದದ್ದು. ಹೊಸ ಮನೆಗೆ ಕಬ್ಬಿಣದ ಒಲೆ ತರೋಣ ಎಂದು ಎತ್ತಿಟ್ಟಿದ್ದೆವು. ಮನೆಯಲ್ಲಿ ಅದಕ್ಕೆ ಒಲೆಮುತ್ತು ಎಂದೇ ಹೆಸರು.

ಓರ್ಲೀನಾ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ತಮ್ಮನ ಮುಖ ನೋಡಿದಳು, ಮತ್ತೆ ಮುತ್ತು ನೋಡಿದಳು. ಪೆಟ್ಟಿಗೆಗೆ ಹಾಕಲಿಲ್ಲ. ಮುಷ್ಟಿ ಬಿಗಿಮಾಡಿಕೊಂಡು, "ಮುಚ್ರಪ್ಪಾ," ಎಂದಳು.

ಮನೆಗೆ ಬಂದು ಬಾಗಿಲು ಹಾಕಿದ್ದೇ ಕೇಳಿದೆ.

"ಅದು ನಮ್ ಒಲೆಮುತ್ತು."

"ಹೂಂ."

"ಕೂಸಿನ ಹತ್ರ ಮುತ್ತು ಸಿಗ್ಲಿಲ್ವಾ? ಸಿಗ್ಲಿಲ್ಲ ಅಂತ ಹೇಳೋಕೆ ಏನಾಗಿತ್ತು ನಿಂಗೆ? ಮಣ್ಣಲ್ಲಿ ಎಷ್ಟು ವರ್ಷ ಆಯ್ತು, ಕರಗಿ ಹೋಗಿರತ್ತೆ. ಅಕ್ಕ ಏನು ನಿನ್ನ ನುಂಗ್ತಿದ್ಲಾ?"

ಅವನು ಬೆಂಚಿನ ಮೇಲೆ ಕುಳಿತು ಬೂಟಿನ ದಾರ ಬಿಚ್ಚಿದ, ಮತ್ತೆ ಕಟ್ಟಿದ.

"ಕರಗಿದ್ರೆ ಹೇಳ್ತಿದ್ದೆ ವೆಸ್ಟಾ. ಇವತ್ತು ಅಗೆದ ಗುಡ್ಡೆ ಡೆಲ್ಫೀದು ಹೌದೋ ಅಲ್ವೋ ಅಂತಾನೇ ನಂಗೊತ್ತಿಲ್ಲ."

ಆಗ ಎಲ್ಲ ಹೊರಬಂತು. ಎರಡು ವಸಂತಗಳ ಹಿಂದೆ ಹೊಳೆ ಉಕ್ಕಿ ಸಮಾಧಿ ದಿಬ್ಬದ ಕೆಳಮೂಲೆಗೆ ನುಗ್ಗಿತ್ತು. ಅಲ್ಲಿ ಅಕ್ಕಪಕ್ಕ ಎರಡು ಎಳೆಗೂಸುಗಳು ಮಲಗಿದ್ದವು. ಒಂದು ನಮ್ಮ ಡೆಲ್ಫಿ, ಇನ್ನೊಂದು ಟೋಲಿವರ್ ಮನೆಯದು. ಟೋಲಿವರ್‌ನವರು ಕಲ್ಲಿದ್ದಲ ಗಣಿಯ ಕೆಲಸಕ್ಕೆಂದು ಕಣಿವೆ ಬಿಟ್ಟು ಹೋಗಿ ಬಹಳ ಕಾಲವಾಗಿತ್ತು. ನೀರು ಗುರುತಿನ ಕಲ್ಲುಗಳನ್ನು ಉರುಳಿಸಿ, ಚಿಪ್ಪುಗಳನ್ನು ಎಲ್ಲೆಲ್ಲೋ ಚೆಲ್ಲಿ, ಡೆಲ್ಫಿಯ ಪಕ್ಕ ಗುರುತಿಗಿದ್ದ ಸೀಡರ್ ಮರವನ್ನೂ ಬೇರುಸಹಿತ ಎಳೆದುಕೊಂಡು ಹೋಗಿತ್ತು. ಉಳಿದದ್ದು ಮೊಣಕಾಲಷ್ಟು ಹೂಳು. ದೋಣಿ ದಾಟಲಾಗದೆ ಓರ್ಲೀನಾ ಆಚೆ ದಡದಲ್ಲಿ ಸಿಕ್ಕಿಕೊಂಡು, ಈ ಸಲ ಡೆಲ್ಫಿಯದನ್ನು ನೀನೇ ಸರಿಮಾಡು ಎಂದು ತಮ್ಮನಿಗೆ ಹೇಳಿ ಕಳಿಸಿದ್ದಳು.

"ಸಾಯಂಕಾಲ ಹೋದೆ. ಹೂಳು ತೆಗ್ದೆ. ಎರಡೂ ಒಂದೇ ಥರ ಕಾಣ್ತಿತ್ತು. ಎಡಗಡೇದೇ ಇರ್ಬೇಕು ಅನ್ಕೊಂಡು ಅದರ ಮೇಲೆ ಚಿಪ್ಪು ಇಟ್ಟೆ."

"ಯಾರನ್ನಾದ್ರೂ ಕೇಳೋದಲ್ವಾ? ನಿಮ್ಮ ದೊಡ್ಡಪ್ಪ ಇದ್ದ, ಪಾದ್ರಿ ಇದ್ದ, ನಾನಿದ್ದೆ!"

"ನೀರು ಇಳೀತಿತ್ತು ವೆಸ್ಟಾ. ಉಕ್ಕಿ ಇಳಿದ ಮೇಲೆ ಚಿಪ್ಪು ಚೆನ್ನಾಗಿ ಸಿಗತ್ತೆ. ಬೇಗ ಮುಗಿಸಿ ಹೊಳೆಗೆ ಹೋಗ್ಬೇಕಿತ್ತು."

ಅದನ್ನು ಹೇಳುವಾಗ ಅವನು ಅಳುತ್ತಿದ್ದ. ನನಗೆ ಅವನ ಮೇಲೆ ಕನಿಕರವೂ ಬಂತು, ಕೈಯಲ್ಲಿದ್ದ ಬಾಣಲೆಯಿಂದ ತಲೆಗೆ ಬಾರಿಸಬೇಕೆನ್ನುವಷ್ಟು ಸಿಟ್ಟೂ ಬಂತು. ಓರ್ಲೀನಾ ಆ ಭಾನುವಾರ ಹೇಗೋ ದಾಟಿ ಬಂದು, ಚಿಪ್ಪು ಜೋಡಿಸಿದ್ದನ್ನು ನೋಡಿ, ತಮ್ಮನ ಕೆನ್ನೆ ಸವರಿದ್ದು ನನಗೆ ನೆನಪಿತ್ತು. ಮರುವರ್ಷವೂ ಅವಳು ಅದೇ ಗುಡ್ಡೆಯ ಮುಂದೆ ಕುಳಿತು ಹಾಡಿದ್ದಳು.

"ಹೋಗ್ಲಿ, ಇವತ್ತು ಅಗೆದಾಗ ಏನು ಸಿಕ್ತು?"

"ಕಪ್ಪು ಮಣ್ಣು. ಎರಡು ಮೂರು ಗುಂಡಿ, ನೀಲಿ ಗಾಜಿನದು. ಡೆಲ್ಫಿ ಅಂಗೀಲಿ ಗುಂಡಿ ಇತ್ತಾ?"

"ನಂಗೇನು ಗೊತ್ತು? ಅವಳೇ ಹೊಲಿದು, ಅವಳೇ ಹಾಕಿ, ಅವಳೇ ಮುಚ್ಚಿದ್ಲು. ಆ ಮೇಸ್ತ್ರಿಗೆ ಪಕ್ಕದ್ದನ್ನೂ ಅಗಿ ಅನ್ನೋದಲ್ವಾ? ಎರಡೂ ತಂದಿದ್ರೆ ಮುಗೀತಿತ್ತು."

ಎಸ್ಟಿಲ್ ಮುಖ ಮುಚ್ಚಿಕೊಂಡ.

"ಅವನೇ ಕೇಳ್ದ. ಇದೂ ನಿಮ್ಮದಾ, ತೆಗೀಲಾ ಅಂತ. ತೆಗೀರಿ ಅಂದ್ರೆ ಯಾಕೆ ಅಂತ ಕೇಳ್ತಾನೆ, ಅಲ್ಲಿದ್ದೋರೆಲ್ಲ ಕೇಳ್ತಾರೆ, ಸಂಜೆ ಒಳಗೆ ಅಕ್ಕಂಗೆ ತಿಳಿಯತ್ತೆ. ಎರಡು ವರ್ಷದಿಂದ ಯಾರ್ದೋ ಕೂಸಿನ ಮುಂದೆ ಕೂರಿಸಿದ್ದೆ ಅಂತ ಗೊತ್ತಾಗತ್ತೆ. ಅಲ್ಲ, ಅದು ಟೋಲಿವರ್‌ನೋರದು ಅಂದ್ಬಿಟ್ಟೆ."

ಒಂದು ಮಾತು. ಹೌದು ತೆಗೀರಿ ಎನ್ನುವ ಒಂದು ಮಾತು ಅವನ ಬಾಯಲ್ಲಿ ಬರಲಿಲ್ಲ. ನಾಳೆ ಬೆಳಿಗ್ಗೆಯೇ ಹೋಗಿ ಅಕ್ಕನಿಗೆ ಹೇಳು, ತಂಡ ಇನ್ನೂ ಕಣಿವೆಯಲ್ಲೇ ಇದೆ ಎಂದೆ. ನಾಳೆ ಎಂದ. ಆ ನಾಳೆಗೆ ಹಂದಿ ಕೊಯ್ಯುವ ಕೆಲಸ ಅಡ್ಡ ಬಂತು. ಅದರ ಮರುದಿನಕ್ಕೆ ಮನೆ ಬಿಚ್ಚಿ ಹಲಗೆ ಸಾಗಿಸುವುದು ಅಡ್ಡ ಬಂತು. ಅಷ್ಟರಲ್ಲಿ ಓರ್ಲೀನಾ ಹೇಳಿದಂತೆಯೇ ಕೂಸಿನ ಹಿಂದೆ ಬೆಟ್ಟಕ್ಕೆ ಬಂದು ಪುಟ್ಟ ಮನೆ ಹಿಡಿದಳು. ತಂಡ ತನ್ನ ಕೆಲಸ ಮುಗಿಸಿ ಬೇರೆ ಕಣಿವೆಗೆ ಹೋಯಿತು.

ಎಲ್ಲವನ್ನೂ ಅವನ ತಲೆಗೆ ಕಟ್ಟಿ ನಾನು ಸಾಚಾ ಆಗುವುದು ಬೇಡ. ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ, ಇವತ್ತು ನಾನಾದರೂ ಡೆಲ್ಫಿಯ ಅಂಗಿಯ ಗುಂಡಿ ವಿಷಯ ಕೇಳಿಯೇ ಬಿಡುತ್ತೇನೆ ಎಂದು ಅವಳ ಮನೆಗೆ ಹೋದೆ. ಅವಳು ಒಣಸೇಬು ಬೇಯಿಸುತ್ತಿದ್ದಳು. ನನಗೊಂದು ಬಟ್ಟಲು ಕೊಟ್ಟು ಎದುರಿಗೆ ಕುಳಿತಳು. ಕಿಟಕಿಯ ಕಟ್ಟೆಯ ಮೇಲೆ ಒಂದು ಚಿಪ್ಪು, ಅದರೊಳಗೆ ನಮ್ಮ ಒಲೆಮುತ್ತು.

"ಏನೋ ಹೇಳೋಕೆ ಬಂದ ಹಾಗಿದೆ," ಎಂದಳು.

"ಇಲ್ಲ ಅತ್ತಿಗೆ. ಸುಮ್ನೆ ನೋಡ್ಕೊಂಡು ಹೋಗೋಣ ಅಂತ."

"ಎಸ್ಟಿಲ್ ಹೇಗಿದ್ದಾನೆ? ಬೆಟ್ಟ ಹತ್ತಿ ಬರೋಕೆ ಕಾಲು ನೋವಾ ಅವನಿಗೆ?"

"ಕೆಲಸ ಜಾಸ್ತಿ ಅತ್ತಿಗೆ."

"ಹೂಂ. ತಿನ್ನು, ಆರೋಗತ್ತೆ."

ತಿಂದೆ. ಸೇಬು ಚೆನ್ನಾಗಿತ್ತು, ಬಟ್ಟಲು ತೊಳೆದಿಟ್ಟೆ. ಹೇಳಿದರೆ ಅವಳಿಗೆ ಉಳಿದ ಒಂದು ನೆಮ್ಮದಿಯನ್ನೂ ಕಿತ್ತುಕೊಂಡ ಹಾಗೆ, ಅವಳು ಈಗ ಹೇಗೋ ಸಮಾಧಾನವಾಗಿದ್ದಾಳೆ ಎಂದು ನನಗೆ ನಾನೇ ಹೇಳಿಕೊಂಡು ಇಳಿದು ಬಂದೆ. ಅದು ಹೇಡಿಗಳು ಹೇಳಿಕೊಳ್ಳುವ ಮಾತು. ಆಗಲೂ ಅದು ನನಗೆ ಗೊತ್ತಿತ್ತು.

ಮಾರ್ಚಿನಲ್ಲಿ ಅಣೆಕಟ್ಟಿನ ಬಾಗಿಲು ಇಳಿಸಿದರು. ಮೊದಲು ನಿಂತದ್ದು ಸದ್ದು. ಬಂಡೆಸಾಲಿನ ಮೇಲೆ ಹೊಳೆ ಹಗಲೂ ರಾತ್ರಿ ಮಾತಾಡುತ್ತಿದ್ದುದು ಹುಟ್ಟಿದಂದಿನಿಂದ ಕಿವಿಯಲ್ಲಿತ್ತು, ಅದು ನಿಂತ ಮೇಲೆಯೇ ಅಂಥದ್ದೊಂದು ಇತ್ತು ಎಂದು ನಮಗೆ ತಿಳಿದದ್ದು. ಆಮೇಲೆ ನೀರು ಹಿಮ್ಮುಖವಾಗಿ ಬಂತು. ತೊರೆಗಳ ಬಾಯೊಳಗೆ ಹೊಕ್ಕಿತು, ಜೋಳದ ಹೊಲಕ್ಕೆ ಹರಡಿತು, ಬೇಲಿಗೂಟಗಳನ್ನು ಒಂದೊಂದಾಗಿ ನುಂಗಿತು. ಮೊಲ, ಹಾವು, ಹೆಗ್ಗಣಗಳು ಬೆಟ್ಟದ ಕಡೆ ಓಡಿಬಂದವು. ಮರಳಿನಲ್ಲಿ ಹೂತುಕೊಂಡಿದ್ದ ಚಿಪ್ಪುಗಳು ಮಾತ್ರ ಎಲ್ಲಿಗೂ ಹೋಗಲಾರವು. ಹರಿಯದ ನೀರಿನಲ್ಲಿ ಅವು ಉಸಿರುಕಟ್ಟಿ ಸಾಯುತ್ತವೆ ಎಂದು ಎಸ್ಟಿಲ್ ಹೇಳಿದ. ಬಾಗಿಲಲ್ಲಿ ನಿಂತು ದಿನವೂ ನೀರು ನೋಡುವುದೇ ಅವನ ಕೆಲಸವಾಯಿತು. ತಟ್ಟೆಯಲ್ಲಿಟ್ಟದ್ದು ತಟ್ಟೆಯಲ್ಲೇ ಇರುತ್ತಿತ್ತು. ಒಂದು ಬೆಳಿಗ್ಗೆ ಹಳೆಯ ಸಮಾಧಿ ದಿಬ್ಬದ ಬುಡಕ್ಕೆ ನೀರು ತಾಗಿದ್ದು ಇಲ್ಲಿಂದಲೇ ಕಂಡಿತು. ನಾನು ಸನಿಕೆ ತಂದು ಅವನ ಕೈಗೆ ಕೊಟ್ಟೆ.

"ನಡಿ."

"ಅಕ್ಕಂಗೆ ಹೇಳ್ದೆ ಹೇಗೆ..."

"ತಂದ್ಮೇಲೆ ಹೇಳು. ತರದೆ ಇದ್ರೆ ಆಮೇಲೆ ಹೇಳೋಕೆ ಏನೂ ಉಳಿಯಲ್ಲ. ನಡಿ ಅಂದೆ!"

ದಿಬ್ಬದ ಮೇಲೆ ತೆರೆದ ಕುಳಿಗಳು, ಬಿದ್ದ ಬೇಲಿ. ಕೆಳಮೂಲೆಯ ಹತ್ತಿರ ನೀರು ಹುಲ್ಲನ್ನು ನೆಕ್ಕುತ್ತಿತ್ತು. ಅಲ್ಲಿ ಆಗಲೇ ಯಾರೋ ಬಗ್ಗಿ ಅಗೆಯುತ್ತಿದ್ದರು. ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ತಲೆಗೂದಲು ಬಿಚ್ಚಿಹೋಗಿ, ಗುದ್ದಲಿ ಹಿಡಿದಿದ್ದವಳು ಓರ್ಲೀನಾ. ಪಕ್ಕದಲ್ಲಿ ಅವಳ ಮದುವೆಯ ಕೌದಿ ಹಾಸಿತ್ತು. ನಮ್ಮನ್ನು ನೋಡಿ ಅವಳು ಗುದ್ದಲಿ ಊರಿ ನಿಂತಳು.

"ಬಂದ್ಯಾ," ಎಂದಳು ತಮ್ಮನಿಗೆ.

ಎಸ್ಟಿಲ್ ಸನಿಕೆ ಕೆಳಗಿಟ್ಟ. ಅವಳು ಜೇಬಿಗೆ ಕೈಹಾಕಿ ದುಂಡು ಮುತ್ತು ತೆಗೆದು ಅವನ ಕೈಗೆ ತುರುಕಿದಳು.

"ತಗೋ. ವೆಸ್ಟಾಗೆ ಏನು ತರ್ಬೇಕು ಅಂತಿದ್ಯೋ ತಂದ್ಕೊಡು. ನಾನಿಟ್ಟಿದ್ದು ದುಂಡಗಿರಲಿಲ್ಲ ಕಣೋ. ಅದು ಮುತ್ತು ಅನ್ನೋ ಹಾಗೇ ಇರಲಿಲ್ಲ. ಕಂದು ಬಣ್ಣ, ಹಲ್ಲಿನ ಹಾಗೆ ಸೊಟ್ಟಗೆ. ಯಾವನೂ ಕೊಳ್ಳಲ್ಲ ಅಂದದ್ದಕ್ಕೆ ವೈಲಿ ನಂಗೆ ಕೊಟ್ಟಿದ್ದ, ಮದುವೆಗೆ ಮುಂಚೆ. ಅಪ್ಪನ ಕಡೆಯಿಂದ ಕೂಸಿಗೆ ಕೊಡೋಕೆ ನನ್ನ ಹತ್ರ ಇದ್ದಿದ್ದು ಅದೊಂದೇ."

"ಅಕ್ಕಾ..."

"ಸಿಗ್ಲಿಲ್ಲ ಅಂದಿದ್ರೆ ಸಿಗ್ಲಿಲ್ಲ ಅನ್ಕೋತಿದ್ದೆ. ಸುಳ್ಳು ಮುತ್ತು ಕೊಟ್ಟಾಗ್ಲೇ ಗುಡ್ಡೇಲೂ ಏನೋ ಸುಳ್ಳಿದೆ ಅನ್ನಿಸ್ತು. ಹೇಳು ಈಗ. ಅವತ್ತು ಏನು ಸಿಕ್ತು?"

"ಗುಂಡಿ. ನೀಲಿ ಗುಂಡಿ."

ಓರ್ಲೀನಾ ಕಣ್ಣು ಮುಚ್ಚಿಕೊಂಡಳು.

"ನನ್ ಕೂಸಿನ ಅಂಗಿಗೆ ಗುಂಡಿನೇ ಇರ್ಲಿಲ್ಲ. ದಾರ ಹಾಕಿ ಕಟ್ಟಿದ್ದೆ."

ಮಂಡಿಯೂರಿದ ಎಸ್ಟಿಲ್ ಹೂಳು, ಸೀಡರ್ ಮರ, ಎಡಗಡೆ ಎನ್ನುವ ಊಹೆ, ಮೇಸ್ತ್ರಿಯ ಪ್ರಶ್ನೆ ಎಲ್ಲವನ್ನೂ ಹೇಳಿದ. ಅವಳು ಕೊನೆಯವರೆಗೂ ಕೇಳಿದಳು.

"ನಂಗೂ ಆ ಭಾನುವಾರ ಮರ ಇಲ್ಲ ಅನ್ನೋದು ಕಾಣಿಸ್ತು. ಚಿಪ್ಪು ಚಂದ ಇಟ್ಟಿದ್ಯಲ್ಲ, ಕೇಳ್ಲಿಲ್ಲ," ಎಂದಳು. "ಆದ್ರೆ ಚಳಿಗಾಲವೆಲ್ಲ ನಾನು ಏನು ಮಾಡ್ದೆ ಗೊತ್ತಾ? ನಾನೇ ಆ ಮೇಸ್ತ್ರಿ ಹತ್ರ ಹೋಗಿ ಹೇಳ್ಬೋದಿತ್ತು. ಹೇಳಿದ್ರೆ ಊರೋರು ನಿನ್ ಮುಖಕ್ಕೆ ಉಗೀತಿದ್ರು. ಇವತ್ತು ಬರ್ತಾನೆ, ನಾಳೆ ಬರ್ತಾನೆ, ಅವನೇ ಬಾಯಿಬಿಟ್ಟು ಹೇಳ್ಲಿ ಅಂತ ಕಾದೆ. ನನ್ ಕೂಸನ್ನ ನೀರಿನ ಬಾಯಲ್ಲಿ ಬಿಟ್ಟು ನಿನ್ ಮಾನ ಕಾಯ್ತಾ ಕೂತಿದ್ದೆ ಕಣೋ ನಾನು, ತಾಯಿ ಅನ್ನಿಸ್ಕೊಂಡೋಳು!"

ಅವಳು ನನ್ನ ಕಡೆಯೂ ತಿರುಗಿದಳು.

"ನೀನೂ ಸೇಬು ತಿಂದು ಹೋದೆ."

ಇವತ್ತಿಗೂ ನನಗೆ ಬೇಯಿಸಿದ ಒಣಸೇಬು ಸೇರುವುದಿಲ್ಲ.

ಇನ್ನು ಹೊತ್ತಿರಲಿಲ್ಲ. ಎಸ್ಟಿಲ್ ಅಗೆದ. ಕುಳಿ ಆಳವಾದಷ್ಟೂ ಬುಡದಿಂದ ನೀರು ಒಸರಿತು. ಸನಿಕೆ ಎತ್ತಿದ ಮಣ್ಣು ಮೇಲೆ ಬರುವುದರೊಳಗೆ ಅರ್ಧ ಜಾರಿಹೋಗುತ್ತಿತ್ತು. ನಾನೂ ಓರ್ಲೀನಾಳೂ ಅಂಚಿನಲ್ಲಿ ಮಲಗಿ ಪಾತ್ರೆಯಿಂದ ನೀರು ತೋಡಿ ಚೆಲ್ಲಿದೆವು. ಒಂದು ಹಂತದಲ್ಲಿ ಹಳದಿ ಮಣ್ಣು ಮುಗಿದು ಕಪ್ಪು ಮಣ್ಣಿನ ಒಂದು ಪಟ್ಟಿ ಬಂತು, ಪುಟ್ಟ ತೊಟ್ಟಿಲಿನಷ್ಟು. ಎಸ್ಟಿಲ್ ಸನಿಕೆ ಎಸೆದು ಬೂಟು ಕಿತ್ತ. ಆ ಕೊರೆಯುವ ನೀರಿನಲ್ಲಿ ಬರಿಗಾಲಲ್ಲಿ ನಿಂತು ಎರಡೂ ಕೈಯಿಂದ ಬಾಚಿ ಬಾಚಿ ಕೌದಿಯ ಮೇಲೆ ಹಾಕಿದ. ಆಮೇಲೆ ಕಾಲ್ಬೆರಳಿನಿಂದ ತಡವತೊಡಗಿದ, ಹೊಳೆಯಲ್ಲಿ ಚಿಪ್ಪು ಹುಡುಕುತ್ತಿದ್ದ ಹಾಗೆ, ಮೂಲೆಯಿಂದ ಮೂಲೆಗೆ. ಎದೆಮಟ್ಟದ ನೀರಿನಲ್ಲಿ ಉಗುರಿನಷ್ಟು ಚಿಪ್ಪನ್ನು ಬಿಡದೆ ಎತ್ತುತ್ತಿದ್ದವನು ಅವನು. ಅವನ ತುಟಿ ನೀಲಿಯಾಯಿತು. ಕೆಸರು ಮೊಣಕಾಲು ದಾಟಿತು.

"ಸಿಗತ್ತೆ ಅಕ್ಕಾ. ಇನ್ನೊಂಚೂರು. ಸಿಗತ್ತೆ."

"ಸಾಕು, ಹತ್ತು ಮೇಲೆ."

"ಇಲ್ಲೇ ಇದೆ ಅಕ್ಕಾ, ಇನ್ನೊಂದ್ಸಲ..."

"ಹತ್ತು ಅಂದೆ! ನಿನ್ನನ್ನೂ ಅಲ್ಲೇ ಬಿಟ್ಟು ಹೋಗ್ಲಾ?"

ಅಷ್ಟರಲ್ಲಿ ಕುಳಿಯ ಒಂದು ಗೋಡೆ ಕುಸಿಯಿತು. ನಾವಿಬ್ಬರೂ ಅವನ ತೋಳು ಹಿಡಿದು ಎಳೆದೆವು. ಹೊರಗಿನ ನೀರು ಕುಳಿಯೊಳಕ್ಕೆ ಹರಿದು ಎರಡೂ ಒಂದಾದವು. ಸೊಟ್ಟ ಮುತ್ತು ಸಿಗಲಿಲ್ಲ. ಕೌದಿಯ ನಾಲ್ಕು ಮೂಲೆ ಕೂಡಿಸಿ ಕಟ್ಟಿ, ಮೂವರೂ ಹಿಡಿದು ಬೆಟ್ಟ ಹತ್ತಿದೆವು. ದಾರಿಯುದ್ದಕ್ಕೂ ಅದರಿಂದ ಕಪ್ಪು ನೀರು ಸೋರಿತು. ಓರ್ಲೀನಾ ಒಂದು ಕೈಯನ್ನು ಕೌದಿಯ ಅಡಿಗೆ ಹಿಡಿದೇ ನಡೆದಳು, ಸೋರುವುದನ್ನು ತಡೆಯಬಹುದೇನೋ ಎಂಬಂತೆ.

ಬೆಟ್ಟದ ಮೇಲೆ ಟೋಲಿವರ್ ಕೂಸಿನ ಪಕ್ಕದಲ್ಲೇ ಡೆಲ್ಫಿಯನ್ನು ಇಟ್ಟೆವು, ಕೆಳಗೆ ಇದ್ದ ಹಾಗೆಯೇ. ಒಲೆಮುತ್ತು ನಮ್ಮ ಮನೆಯ ತಂಬಾಕಿನ ಡಬ್ಬಿಯಲ್ಲಿದೆ. ಒಲೆ ಬರಲಿಲ್ಲ, ನಾನು ಕೇಳಲೂ ಇಲ್ಲ.

ಆ ಮೇ ತಿಂಗಳು ಹೊಸ ಜಾಗದಲ್ಲಿ ಮೊದಲ ಸಲ ಸಮಾಧಿ ಸಿಂಗರಿಸುವ ದಿನ. ಹೊಳೆ ಇಲ್ಲ, ಹೊಸ ಚಿಪ್ಪು ಎಲ್ಲಿಂದ ಬರಬೇಕು? ಮನೆ ಬಿಡುವಾಗ ಹಂದಿಗೂಡಿನ ಪಕ್ಕದ ಚಿಪ್ಪಿನ ರಾಶಿಯಿಂದ ಒಂದು ಟಬ್ ತುಂಬಿಸಿಕೊಂಡು ಬಂದಿದ್ದೆ. ಕಸವನ್ನೂ ಹೊತ್ತುಕೊಂಡು ಹೋಗ್ತಾಳೆ ಎಂದು ನಕ್ಕಿದ್ದವರು ಈಗ ಒಂದೆರಡು ಕೊಡು ಎಂದು ಸಾಲುಗಟ್ಟಿದರು. ಕೊಟ್ಟೆ, ಒಂದೊಂದು ಮಾತು ಸೇರಿಸಿಯೇ ಕೊಟ್ಟೆ.

ಓರ್ಲೀನಾ ಗಣಿ ಊರಿಗೆ ಹೋಗುವವರ ಕೈಯಲ್ಲಿ ಟೋಲಿವರ್‌ನವರಿಗೆ ಹೇಳಿ ಕಳಿಸಿದ್ದಳು, ನಿಮ್ಮ ಕೂಸು ಮೇಲೆ ಬಂದಿದೆ ಎಂದಷ್ಟೇ. ಹಾಡು ಮುಗಿಯುವ ಹೊತ್ತಿಗೆ ಹೆಸ್ಸಿ ಟೋಲಿವರ್ ಬಂದಳು. ಸವೆದ ಬೂಟು, ಕೈಯಲ್ಲಿ ಮೇಣದ ಹೂ, ಮುಖದಲ್ಲಿ ದಾರಿಯ ಧೂಳು. ಯಾರು ತಂದದ್ದು ಎಂದು ಕೇಳಿದಳು. ಯಾರೋ ಎಸ್ಟಿಲ್‌ನನ್ನು ತೋರಿಸಿದರು. ಅವಳು ನೇರ ಬಂದು ಅವನ ಎರಡೂ ಕೈ ಹಿಡಿದುಕೊಂಡಳು.

"ಅಣೆಕಟ್ಟಿನ ಸುದ್ದಿ ಗೊತ್ತಾದಾಗ ನಮ್ ಹತ್ರ ಬರೋಕೆ ದಾರಿಖರ್ಚಿಗೂ ಇರ್ಲಿಲ್ಲಪ್ಪ. ನೀರಡಿ ಹೋಯ್ತು ಅಂತ ಚಳಿಗಾಲ ಪೂರ್ತಿ ಅತ್ತೆ. ಯಾರೂ ಕೇಳೋರಿಲ್ಲದ ಕೂಸನ್ನ ನೀನು ತಂದ್ಯಲ್ಲ. ದೇವ್ರು ನಿನ್ನ ತಣ್ಣಗಿಡ್ಲಿ."

ಊರವರೆಲ್ಲ ಸುತ್ತ ನಿಂತಿದ್ದರು. ಪಾದ್ರಿ ಆಮೆನ್ ಎಂದೇ ಬಿಟ್ಟ. ಎಸ್ಟಿಲ್‌ನ ಕಿವಿ ಕೆಂಪಾಯಿತು. ಒಂದು ಕೈ ಬಿಡಿಸಿಕೊಂಡು ಟೋಪಿ ತೆಗೆದ. ಒಳಗೆ ನೋಡಲಿಲ್ಲ, ನನ್ನ ಕೈಗೆ ಕೊಟ್ಟ.

"ನಾನು ನಿಮ್ಮ ಕೂಸು ಅಂತ ತರ್ಲಿಲ್ಲಮ್ಮ," ಎಂದ. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ. "ನಿಮ್ಮ ಕೂಸನ್ನ ಬಿಡಿ ಅಂತಾನೇ ಹೇಳಿದ್ದೆ. ಗೊತ್ತಿಲ್ಲದೆ ಚಿಪ್ಪು ತಪ್ಪು ಗುಡ್ಡೆ ಮೇಲಿಟ್ಟೆ, ನಮ್ಮಕ್ಕ ಎರಡು ವರ್ಷ ಅದರ ಮುಂದೇನೇ ಕೂತು ಹಾಡಿದ್ಲು, ಆಮೇಲೆ ಗೊತ್ತಿದ್ದೂ ಸುಳ್ಳು ಹೇಳ್ದೆ. ನಿಮ್ಮದು ನನ್ನ ತಪ್ಪಿಂದ ಬಂತು. ನಮ್ಮಕ್ಕನ ಕೂಸು ನೀರಿಗೆ ಸಿಕ್ತು. ಒಂದು ಕೌದಿಗಾಗೋಷ್ಟು ಮಣ್ಣು ತಂದ್ವಿ, ಅಷ್ಟೇ."

ಹೆಸ್ಸಿ ಅವನ ಇನ್ನೊಂದು ಕೈಯನ್ನೂ ಮೆಲ್ಲಗೆ ಬಿಟ್ಟಳು. ಯಾರೂ ಉಗಿಯಲಿಲ್ಲ. ಉಗಿದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ. ಅವಳು ತಿರುಗಿ ಓರ್ಲೀನಾಳನ್ನು ನೋಡಿದಳು.

"ಹಂಗಾದ್ರೆ ಎರಡು ವರ್ಷ ನನ್ ಕೂಸಿಗೆ ಹಾಡಿದ್ದು ನೀನು?"

"ಹೂಂ. ನಂದು ಅನ್ಕೊಂಡು ಹಾಡ್ದೆ."

ಹೆಸ್ಸಿ ತನ್ನ ಹೂವಿನ ಗೊಂಚಲನ್ನು ಎರಡು ಭಾಗ ಮಾಡಿ ಒಂದನ್ನು ಡೆಲ್ಫಿಯ ಮೇಲಿಟ್ಟಳು. ಇಬ್ಬರೂ ಎರಡು ಗುಡ್ಡೆಗಳ ನಡುವೆ ಕುಳಿತರು. ಓರ್ಲೀನಾ ಅಲ್ಲಿಂದಲೇ ಕರೆದಳು.

"ಲೋ ತಮ್ಮ, ಆ ಟಬ್ ಇಲ್ಲಿ ತಾ."

ಎಸ್ಟಿಲ್ ಓಡಿದ. ಟಬ್ ತಂದಿಟ್ಟು, ಇದ್ದುದರಲ್ಲಿ ಚಂದದ ಚಿಪ್ಪೊಂದನ್ನು ಆರಿಸಿ, ಅಂಗಿಯ ತುದಿಯಿಂದ ಒರೆಸಿ, ಡೆಲ್ಫಿಯ ಗುಡ್ಡೆಯ ಮೇಲಿಡಲು ಬಗ್ಗಿದ. ಓರ್ಲೀನಾ ಅವನ ಮಣಿಕಟ್ಟು ಹಿಡಿದಳು. ಸಿಟ್ಟೇನೂ ಇರಲಿಲ್ಲ ಅವಳ ಮುಖದಲ್ಲಿ. ಅವತ್ತು ಊಟಕ್ಕೆ ಅವನ ತಟ್ಟೆಗೆ ಮೊದಲು ಬಡಿಸಿದವಳೂ ಅವಳೇ.

"ಕೊಡಿಲ್ಲಿ," ಎಂದಳು. "ನೀನು ಕೊಡ್ತಾ ಹೋಗು. ನಾನು ಇಡ್ತೀನಿ."

ಈಗಲೂ ಪ್ರತಿ ಮೇ ತಿಂಗಳು ಹಾಗೆಯೇ ನಡೆಯುತ್ತದೆ. ಅವನು ಚಿಪ್ಪು ತೊಳೆಯುತ್ತಾನೆ, ಒರೆಸುತ್ತಾನೆ, ಒಂದೊಂದಾಗಿ ಎತ್ತಿ ಅಕ್ಕನ ಕೈಗೆ ಕೊಡುತ್ತಾನೆ. ಇಡಲು ಅವಳು ಅವನಿಗೆ ಬಿಡುವುದಿಲ್ಲ.